ಪಾರಿಯ ಅರ್ಜಿ

ನಾನು ಒರೆಸುವ ಗುಮಾಸ್ತ. ಬೇರೆ ಊರಿನವರಿಗೆ ಇದೆಂಥ ಕೆಲಸ ಅನ್ನಿಸಬಹುದು. ನಮ್ಮ ಊರಿನಲ್ಲಿ ಮಾತ್ರ ತಹಶೀಲ್ದಾರರಿಗೆ ಬೀಳುವುದಕ್ಕಿಂತ ಹೆಚ್ಚು ನಮಸ್ಕಾರ ನನಗೆ ಬೀಳುತ್ತದೆ. ಎದುರಿಗೆ ನಮಸ್ಕಾರ ಹಾಕಿದವರೇ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ‘ಒರೆಸೋ ದೊರೆ’ ಎಂದು ನಗುತ್ತಾರೆ. ನನ್ನ ಹೆಸರು ದೊರೆಸ್ವಾಮಿ. ಇಪ್ಪತ್ತೆರಡು ವರ್ಷದಿಂದ ಇದೇ ಕುರ್ಚಿ, ಇದೇ ಮೇಜು. ಕೆಲಸದಲ್ಲಿ ಒಂದೂ ತಪ್ಪು ಮಾಡಿಲ್ಲವೆಂದು ಬೀಗುತ್ತಿದ್ದವನು ನಾನು. ಮಾಡಿದ್ದ ಒಂದು ತಪ್ಪು ಏಳು ವರ್ಷ ಅದೇ ಮೇಜಿನ ಖಾನೆಯಲ್ಲಿ ಬೆಚ್ಚಗೆ ಮಲಗಿತ್ತು. ಅದರ ಕಥೆಯನ್ನೇ ಹೇಳುತ್ತೇನೆ.

ನಮ್ಮ ಊರಿನವರು ಫೋನಿನಲ್ಲಿ ತೆಗೆದ ಫೋಟೋ, ವಿಡಿಯೊ, ಒಬ್ಬರಿಗೊಬ್ಬರು ಕಳಿಸಿದ ಮಾತು, ಎಲ್ಲವೂ ಹಳೇ ಐಸ್ ಫ್ಯಾಕ್ಟರಿಯಲ್ಲಿರುವ ಒಂದೇ ಕಂಪ್ಯೂಟರಿಗೆ ಹೋಗಿ ಸೇರುತ್ತವೆ. ಐಸ್ ಮಾಡುವುದು ನಿಂತು ಎಷ್ಟೋ ಕಾಲವಾದರೂ ಜನ ಇನ್ನೂ ಐಸ್ ಫ್ಯಾಕ್ಟರಿ ಅಂತಲೇ ಕರೆಯುತ್ತಾರೆ. ಒಳಗೆ ಬಟ್ಟೆ ಬೀರುವಿನಷ್ಟು ಎತ್ತರದ ಮೂವತ್ತೆರಡು ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿ ನಿಂತು ಗುಂಯ್ ಎನ್ನುತ್ತಿರುತ್ತವೆ. ಅವು ಕಾಯದಂತೆ ಕೆರೆಯ ನೀರನ್ನು ಒಂದು ಕಡೆಯಿಂದ ಒಳಗೆ ಬಿಡುತ್ತಾರೆ. ಅದೇ ನೀರು ಇನ್ನೊಂದು ಕಡೆಯಿಂದ ಬಿಸಿಯಾಗಿ ಹೊರಗೆ ಬರುತ್ತದೆ. ಅದು ಬಿಸಿಗಾಲುವೆ. ಬಾಣಂತಿಯರ ಬಟ್ಟೆ ಒಗೆಯುವುದು ಅಲ್ಲಿ, ಚಳಿಗಾಲದಲ್ಲಿ ಮಕ್ಕಳಿಗೆ ಸ್ನಾನ ಮಾಡಿಸುವುದು ಅಲ್ಲಿ. ಊರಿನಲ್ಲಿ ಮದುವೆಗಳು ಹೆಚ್ಚಾದ ತಿಂಗಳು ನೀರು ಕೈ ಇಡಲಾರದಷ್ಟು ಕಾಯುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಾರಲ್ಲ.

ಆ ಕಂಪ್ಯೂಟರಿನಿಂದ ಏನನ್ನಾದರೂ ಒರೆಸಿದರೆ ಅದು ಊರಿನವರ ತಲೆಯಿಂದಲೂ, ಅದನ್ನು ನೋಡಿದ ಹೊರಗಿನವರ ತಲೆಯಿಂದಲೂ ಒರೆಸಿಹೋಗುತ್ತದೆ. ಫೋಟೋ ಮಾತ್ರವಲ್ಲ, ಫೋಟೋದಲ್ಲಿ ನಡೆದದ್ದೂ ಹೋಗುತ್ತದೆ. ಕಾಗದದ ಮೇಲೆ ಬರೆದದ್ದಷ್ಟೇ ಉಳಿಯುತ್ತದೆ.

ಮೊದಮೊದಲು ಈ ವಿಷಯದಲ್ಲಿ ನಮಗೆ ಬುದ್ಧಿ ಸಾಲದಾಯಿತು. ಒಂದು ಬೇಸಿಗೆಯಲ್ಲಿ ಬಿಸಿಗಾಲುವೆ ಹೋಗಿ ಸೇರುವ ಹೊಂಡದ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಮೀನು ಹಿಡಿಯುವವರು ಬುಟ್ಟಿ ಸಮೇತ ಬಂದು ಪುರಸಭೆಯ ಮುಂದೆ ಕೂತರು. ಪುರಸಭೆಯವರು ಹೆದರಿ, ಕಂಪ್ಯೂಟರಿನ ಭಾರ ಇಳಿಸಿದರೆ ನೀರು ತಣ್ಣಗಾಗುತ್ತದೆ ಎಂದು ‘ಹಳೆಯ ಸಮಾರಂಭಗಳು’ ಅಂತಿದ್ದದ್ದನ್ನೆಲ್ಲ ಒಂದೇ ಏಟಿಗೆ ಒರೆಸಿದರು. ಪೋಸ್ಟ್‌ಮಾಸ್ಟರ್ ಗುಂಡೂರಾಯರ ನಿವೃತ್ತಿ ಸಮಾರಂಭವೂ ಅದರಲ್ಲಿತ್ತು. ಮಾರನೆಯ ಬೆಳಿಗ್ಗೆ ರಾಯರು ಎಂದಿನಂತೆ ಕೋಟು ಹಾಕಿಕೊಂಡು ಅಂಚೆ ಕಚೇರಿಗೆ ಹೋಗಿ ಕೂತರು. ಹೊಸ ಪೋಸ್ಟ್‌ಮಾಸ್ಟರೂ ಬಂದರು. ಇಬ್ಬರಿಗೂ ತಾವೇ ಸರಿ. ರಾಯರು ನಿವೃತ್ತರಾದದ್ದು ಯಾರಿಗೂ ನೆನಪಿಲ್ಲದ್ದರಿಂದ ಊರು ಅವರ ಕಡೆಗೆ. ಒಂಬತ್ತು ದಿನ ಇಬ್ಬರೂ ಒಂದೇ ಮೇಜಿಗೆ ಕೂತು ಪ್ರತಿ ಕಾಗದಕ್ಕೂ ಎರಡೆರಡು ಮೊಹರು ಒತ್ತಿದರು. ಹತ್ತನೆಯ ದಿನ ರಾಯರ ಹೆಂಡತಿಗೆ ಬೀರುವಿನಲ್ಲಿ ಒಂದು ಶಾಲು, ಅದರ ಮಡಿಕೆಯಲ್ಲಿ ನಿವೃತ್ತಿಯ ಆದೇಶ ಸಿಕ್ಕಿತು. ರಾಯರು ಅದನ್ನು ಎರಡು ಸಲ ಓದಿ, “ಹಾಗಾದ್ರೆ ನನಗೆ ಬೀಳ್ಕೊಡುಗೆ ಆಗಿತ್ತಾ? ಚೆನ್ನಾಗಿ ಮಾಡಿದ್ರಾ?” ಎಂದು ಕೇಳಿದರು. ಯಾರಿಗೂ ಹೇಳಲು ಬರಲಿಲ್ಲ. ಪಾಪ ಅನ್ನಿಸಿ ಇನ್ನೊಂದು ಸಲ ಹಾರ ಹಾಕಿ ಕಳಿಸಿಕೊಟ್ಟರು.

ಅದಾದ ಮೇಲೆ ಕಾನೂನು ಬಂತು, ನನ್ನ ಕುರ್ಚಿಯೂ ಬಂತು. ಏನನ್ನೇ ಒರೆಸಬೇಕಾದರೂ ಅದರಲ್ಲಿ ಕಾಣುವವರು ಮತ್ತು ಅದನ್ನು ತೆಗೆದವರು ಇಬ್ಬರೂ ರುಜು ಹಾಕಬೇಕು. ತೀರಿಕೊಂಡವರಾದರೆ ಅವರ ಹತ್ತಿರದ ಸಂಬಂಧಿಕರು ಹಾಕಬೇಕು. ಮೂರು ದಿನ ಮುಂಚೆ ಬಿಸಿಗಾಲುವೆಯ ಗೋಡೆಗೆ ನೋಟೀಸು ಅಂಟಿಸಬೇಕು. ಕೊನೆಯದಾಗಿ ಒಮ್ಮೆ ನೋಡಿಕೊಳ್ಳುವ ಆಸೆ ಇದ್ದವರು ಬಂದು ನೋಡಿಕೊಂಡು, ಕಾಲುವೆಯಲ್ಲಿ ಮುಖ ತೊಳೆದು ಹೋಗುತ್ತಾರೆ. ಯಾರದಾದರೂ ಮಾನದ ವಿಷಯವಾದರೆ ನೋಟೀಸಿನಲ್ಲಿ ಬರೀ ನಂಬರು. ಒಳಗೆ ಏನಿತ್ತೆಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕಳ್ಳತನಕ್ಕೆ ಸಮ. ನನ್ನ ರಿಜಿಸ್ಟರಿನಲ್ಲಿ ಮಾತ್ರ ಎಲ್ಲಿ ನಡೆದದ್ದು, ಎಷ್ಟು ಹೊತ್ತಿನದು, ಕಾಣುವವರು ಯಾರು, ಕೇಳಿಸುವವರು ಯಾರು, ತೆಗೆದವರು ಯಾರು ಎಂಬಿಷ್ಟು ಬರೆಯುತ್ತೇನೆ.

ಮಾಘಮಾಸದ ಒಂದು ಮಧ್ಯಾಹ್ನ ಚೂಡಾಮಣಿ ನನ್ನ ಕಚೇರಿಗೆ ಬಂದಳು. ಅವಳು ಪೇಟೆಬೀದಿಯ ತುದಿಯಲ್ಲಿ ರವಿಕೆ ಹೊಲಿಯುವವಳು. ನನ್ನ ತಂಗಿ ಪಾರಿಜಾತಳ ಗೆಳತಿ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಬೆಳೆದವರು. ಪಾರಿ ತೀರಿಕೊಂಡು ಏಳು ವರ್ಷವಾಗಿತ್ತು. ಅದಕ್ಕೂ ಒಂದು ವರ್ಷ ಮುಂಚಿನಿಂದಲೇ ಚೂಡಾಮಣಿ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಾನು ಎದುರಿಗೆ ಸಿಕ್ಕರೆ ಸೆರಗು ಸರಿಮಾಡಿಕೊಂಡು ಇನ್ನೊಂದು ಮಗ್ಗುಲಿಗೆ ಹೋಗುತ್ತಿದ್ದಳು. ಅಂಥವಳು ಬಾಗಿಲಲ್ಲಿ ನಿಂತಿದ್ದಾಳೆ.

“ದೊರೆಯಣ್ಣ, ಬಿಡುವಾಗಿದ್ದೀರಾ?”

“ಬಾರಮ್ಮ ಚೂಡಿ, ಕೂತ್ಕೋ,” ಎಂದೆ.

“ಚಿತ್ರಕಲಾಗೆ ಗಂಡು ಗೊತ್ತಾಯ್ತು. ಬರೋ ತಿಂಗಳು ಹನ್ನೆರಡಕ್ಕೆ ಮದುವೆ.”

“ಬಹಳ ಸಂತೋಷ ಕಣಮ್ಮ.”

“ಹಸೆ ಹಾಡು ನಾನೇ ಹೇಳ್ಬೇಕಂತೆ. ನೀನು ಹೇಳ್ಲಿಲ್ಲ ಅಂದ್ರೆ ಹಸೆ ಮೇಲೆ ಕೂರೋದೇ ಇಲ್ಲ ಅಂತ ಹಟ ಹಿಡಿದವ್ಳೆ. ಒಬ್ಬಳೇ ಮಗಳು. ನಂಗೂ ಆಸೆ ಇಲ್ವಾ ಅಣ್ಣ? ಆದ್ರೆ ನಾನು ಬಾಯಿ ತೆಗೆದ್ರೆ ಸಾಕು, ಒಬ್ರಲ್ಲ ಒಬ್ರು ಫೋನ್ ತೆಗೆದು ಆ ಹಳೇ ವಿಡಿಯೊನ ಹಾಕ್ತಾರೆ. ಗಂಡಿನ ಮನೆಯೋರ್ಗೂ ಯಾರೋ ಪುಣ್ಯಾತ್ಮರು ಆಗ್ಲೇ ತೋರ್ಸವ್ರೆ. ಮೊನ್ನೆ ಮಾತುಕತೆಗೆ ಹೋದಾಗ ಅವರ ಮನೆ ಹೆಂಗಸ್ರೆಲ್ಲ ನನ್ನ ನೋಡಿ ಬಾಯಿಗೆ ಸೆರಗು ಅಡ್ಡ ಇಟ್ಕೊಂಡ್ರು.” ಅವಳು ಮೇಜಿನ ಅಂಚನ್ನು ಬೆರಳಿನಿಂದ ಅಳೆಯುತ್ತ, “ಅದನ್ನ ಒರೆಸ್ಬಿಡಿ. ತೆಗೆದೋಳು ಪಾರಿ. ಅವಳ ಜಾಗದಲ್ಲಿ ನೀವು ರುಜು ಹಾಕ್ಬೇಕು,” ಎಂದಳು.

“ಎರಡು ದಿನ ಸಮಯ ಕೊಡಮ್ಮ,” ಎಂದೆ.

“ಎಂಟು ವರ್ಷ ಕೊಟ್ಟಿದ್ದೀನಲ್ಲ ಅಣ್ಣ,” ಎಂದು ಎದ್ದು ಹೋದಳು.

ಆ ವಿಡಿಯೊದಲ್ಲಿ ಏನಿತ್ತು ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಈಗ ಯಾರಿಗೂ ಗೊತ್ತಿಲ್ಲ. ನನ್ನ ಕೈಬರಹದಲ್ಲಿ ರಿಜಿಸ್ಟರಿನ ಸಾಲು ಮಾತ್ರ ಇದೆ: ‘ಕಲ್ಯಾಣ ಮಂಟಪ. ನಲವತ್ತೆಂಟು ಸೆಕೆಂಡು. ಕಾಣುವವರು: ಚೂಡಾಮಣಿ. ಕೇಳಿಸುವವರು: ಚೂಡಾಮಣಿ, ಹಾಡು, ಪಾರಿಜಾತ, ನಗು. ತೆಗೆದವರು: ಪಾರಿಜಾತ.’ ಅಲ್ಲಿಗೆ ಯಾವುದೋ ಮದುವೆಯಲ್ಲಿ ಹಾಡುವಾಗ ಚೂಡಾಮಣಿಗೆ ಏನೋ ಆಭಾಸವಾಗಿದೆ. ಪಕ್ಕದಲ್ಲಿ ಕೂತಿದ್ದ ಪಾರಿ ನಗು ತಡೆಯಲಾರದೆ ಅದನ್ನು ಫೋನಿನಲ್ಲಿ ಹಿಡಿದು ಯಾರಿಗೋ ಒಬ್ಬರಿಗೆ ಕಳಿಸಿದ್ದಾಳೆ. ಸಂಜೆಯೊಳಗೆ ಇಡೀ ಊರು ಅದನ್ನು ನೋಡಿತ್ತು. ಊರು ನೋಡಿದ್ದು, ನಕ್ಕದ್ದು, ವರ್ಷಗಟ್ಟಲೆ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಯಾಕೆ ನಕ್ಕದ್ದು ಅನ್ನುವುದಷ್ಟೇ ಇಲ್ಲ. ಉಂಡ ತಟ್ಟೆ ನೆನಪಿದೆ, ಬಡಿಸಿದ ಅಡುಗೆ ನೆನಪಿಲ್ಲ ಅನ್ನುವ ಹಾಗೆ.

ಚೂಡಾಮಣಿ ಆಮೇಲೆ ಹಾಡಲಿಲ್ಲ. ನಮ್ಮ ಊರಿನ ಹಸೆ ಹಾಡನ್ನು ಇಬ್ಬರೇ ಹೇಳುವುದು. ಒಬ್ಬಳು ಸೊಲ್ಲು ಎತ್ತಿ ನಿಲ್ಲಿಸುತ್ತಾಳೆ, ಇನ್ನೊಬ್ಬಳು ಅದಕ್ಕೆ ಉತ್ತರ ಹೇಳುತ್ತಾಳೆ. ಉತ್ತರ ಬರದೆ ಮುಂದಿನ ಸೊಲ್ಲು ಎತ್ತುವಂತಿಲ್ಲ. ಹಾಡು ಅಲ್ಲಿಗೇ ನಿಂತುಹೋಗುತ್ತದೆ. ಚೂಡಾಮಣಿ ಎತ್ತುವವಳು, ಪಾರಿ ಉತ್ತರ ಹೇಳುವವಳು. ಇಪ್ಪತ್ತು ವರ್ಷ ಊರಿನ ಅಷ್ಟೂ ಮದುವೆಗಳಲ್ಲಿ ಅವರದೇ ಹಾಡು. ಪಾರಿ ತಾನು ಮಾತ್ರ ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದರೆ, “ಊರೋರ ಮದುವೆಗೆ ಹಾಡೋದಕ್ಕೇ ಪುರಸೊತ್ತಿಲ್ಲ, ನಂದೆಲ್ಲಿ ಮಾಡ್ಕೊಳ್ಲಿ,” ಅನ್ನುತ್ತಿದ್ದಳು. ನಮ್ಮ ಮನೆಯಲ್ಲೇ ಇದ್ದು ನಮ್ಮ ಮನೆಯಲ್ಲೇ ಹೋದಳು.

ಈಗ ತಪ್ಪಿನ ಮಾತಿಗೆ ಬರುತ್ತೇನೆ. ಕಾಯಿಲೆ ಬಿದ್ದು ಮಲಗಿದ್ದಾಗ ಪಾರಿ ಒಂದು ದಿನ ನನ್ನನ್ನು ಕರೆದು ಒಂದು ಕಾಗದ ಕೊಟ್ಟಳು. ಆ ವಿಡಿಯೊವನ್ನು ಒರೆಸಿಕೊಡಬೇಕೆಂದು ಅವಳೇ ಬರೆದ ಅರ್ಜಿ, ಕೆಳಗೆ ಅವಳ ರುಜು. “ಅಣ್ಣ, ಚೂಡಿ ಹತ್ರ ನೀನೇ ಹೋಗಿ ರುಜು ಹಾಕಿಸ್ಕೋ. ನಾನು ಹೋದ್ರೆ ಬಾಗಿಲು ತೆಗೆಯಲ್ಲ,” ಎಂದಳು. ಆಗಲಿ ಎಂದೆ. ಮುಂದಿನ ವಾರ ಅವಳು ಹೋಗಿಬಿಟ್ಟಳು. ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಚೂಡಾಮಣಿಯ ರುಜು ಬೇಕು, ಅವಳಾಗಿ ಬಂದರೆ ನೋಡೋಣ ಎಂದು ನನಗೆ ನಾನೇ ಕಾನೂನು ಹೇಳಿಕೊಂಡೆ. ಅದೆಲ್ಲ ಸುಳ್ಳು. ಆ ನಲವತ್ತೆಂಟು ಸೆಕೆಂಡಿನಲ್ಲಿ ನನ್ನ ತಂಗಿಯ ನಗು ಇತ್ತು. ಆ ಕಂಪ್ಯೂಟರಿನಲ್ಲಿ ಬೇರೆಲ್ಲೂ ಇರಲಿಲ್ಲ. ಬೇರೆಯವರನ್ನು ತೆಗೆಯುತ್ತಿದ್ದವಳು ಅವಳು. ಅವಳನ್ನು ತೆಗೆದವರು ಯಾರೂ ಇಲ್ಲ. ಏಳು ವರ್ಷ, ಪ್ರತಿದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಕಚೇರಿಯ ಬಾಗಿಲು ಹಾಕಿಕೊಂಡು ನಾನು ಅದನ್ನು ನೋಡುತ್ತಿದ್ದೆ. ಚೂಡಾಮಣಿಯ ಮಾನ ಹೋಗುತ್ತಿದ್ದದ್ದನ್ನು ನೋಡುತ್ತಿದ್ದೆ ಅಂತಲೂ ಹೇಳಬಹುದು. ಹಾಗೆ ಹೇಳಿಕೊಳ್ಳಲು ನನಗೆ ಆಗ ಧೈರ್ಯ ಬರಲಿಲ್ಲ.

ಅವತ್ತು ಮನೆಗೆ ಹೋಗಿ ನನ್ನ ಹೆಂಡತಿ ಸರೋಜಳಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ಅರ್ಜಿಯ ವಿಷಯ ಕೇಳಿ ಕೈ ನಿಲ್ಲಿಸಿದಳು.

“ಅದಕ್ಕೇನಾ ದಿನಾ ಬುತ್ತೀಲಿ ಅರ್ಧ ಅನ್ನ ವಾಪಸ್ ಬರ್ತಿದ್ದದ್ದು?”

“ಹೂಂ.”

“ರೀ, ಪಾರಿ ಈ ಮನೇಲಿ ನಿಮ್ಮ ಜೊತೆ ನಲವತ್ತು ವರ್ಷ ಇದ್ಲು. ಅಷ್ಟು ವರ್ಷದಲ್ಲಿ ನಿಮಗೆ ಅವಳ ನಗು ಅಂತ ನೆನಪಿರೋದು ಅದೊಂದೇನಾ? ಇನ್ನೊಂದು ಹೇಳಿ ನೋಡೋಣ.”

ಯೋಚಿಸಿದೆ. ಚಿಕ್ಕಂದಿನದು ಯಾವುದಾದರೂ, ಹಬ್ಬದ್ದು ಯಾವುದಾದರೂ ಬರುತ್ತದೇನೋ ಎಂದು ಹುಡುಕಿದೆ. ಎಲ್ಲಿ ಕೈ ಹಾಕಿದರೂ ಆ ವಿಡಿಯೊದ ನಗುವೇ ಬರುತ್ತಿತ್ತು. ದಿನಾ ಅದೊಂದನ್ನೇ ನೋಡಿ ನೋಡಿ ಉಳಿದ ಪಾರಿಯನ್ನೆಲ್ಲ ನಾನೇ ಸವೆಸಿಬಿಟ್ಟಿದ್ದೆ. ಕಂಪ್ಯೂಟರಿನ ಗುಂಡಿ ಒತ್ತದೆಯೇ ನನ್ನ ತಂಗಿಯನ್ನು ಒರೆಸಿಕೊಂಡ ಗುಮಾಸ್ತ ನಾನು. ಸರೋಜ ನನ್ನ ಮುಖ ನೋಡಿ ಮತ್ತೆ ಸೊಪ್ಪು ಬಿಡಿಸತೊಡಗಿದಳು. ನಾನು ಅವತ್ತು ಸಂಜೆಯೇ ಹೋಗಿ ಬಿಸಿಗಾಲುವೆಯ ಗೋಡೆಗೆ ಬರೀ ನಂಬರಿನ ನೋಟೀಸು ಅಂಟಿಸಿ ಬಂದೆ.

ಮಾರನೆಯ ಬೆಳಿಗ್ಗೆ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಚೂಡಾಮಣಿಯ ಮನೆಗೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ನಾನು ಕುರ್ಚಿ ಬಿಟ್ಟು ಎದ್ದದ್ದು ಅದೇ ಮೊದಲು. ಒಳಗೆ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು. ಬಾಗಿಲು ತಟ್ಟಿದ ಕೂಡಲೇ ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕೊನೆಗೆ ಬಾಗಿಲು ತೆರೆಯಿತು.

ನಾನು ಕಾಗದ ಕೊಟ್ಟೆ. ಪಾರಿಯ ಅಕ್ಷರ ನೋಡಿ ಅವಳು ಅಲ್ಲೇ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದಳು. ಪಾರಿ ಬರೆದಿದ್ದದ್ದು ಇಷ್ಟು: ‘ಮಾನ್ಯ ಒರೆಸುವ ಗುಮಾಸ್ತರಲ್ಲಿ ವಿನಂತಿ. ನಾನು ತೆಗೆದದ್ದು ತಪ್ಪಾಯಿತು. ನಗು ಬಂದಾಗ ಕೈಯಲ್ಲಿ ಫೋನಿತ್ತು, ಅಷ್ಟೆ. ದಯವಿಟ್ಟು ಒರೆಸಿಕೊಡಿ. ಒರೆಸಿದ ಮೇಲೆ ಚೂಡಾಮಣಿಗೆ ನನ್ನ ಮೇಲೆ ಯಾಕೆ ಕೋಪ ಎಂದು ಅವಳಿಗೇ ಮರೆತುಹೋಗುತ್ತದೆ. ಆಗ ಅವಳು ಕಾಫಿಗೆ ನಮ್ಮ ಮನೆಗೆ ಬರಬಹುದು.’

ಅವಳು ಓದಿ ಮುಗಿಸಿ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಳು.

“ಮೂರು ಸಲ ಬಂದಿದ್ಲು ಅಣ್ಣ. ಮೂರು ಸಲಾನೂ ನಾನು ಒಳಗೇ ಇದ್ದೆ. ಮಿಷನ್ ನಿಲ್ಸಿ ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ. ಕೊನೇ ಸಲ ಬಂದಾಗ ಆಚೆಯಿಂದ ನಾನು ಎತ್ತೋ ಸೊಲ್ಲನ್ನ ಅವಳೇ ಎತ್ತಿದ್ಲು. ಉತ್ತರಾನೂ ಅವಳೇ ಹೇಳಿದ್ಲು. ಆಗಲೂ ತೆಗೀಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಏಳು ವರ್ಷ ನೀವು ಇಟ್ಕೊಂಡಿದ್ರಾ?” ಎಂದಳು.

“ಇಟ್ಕೊಂಡಿದ್ದೆ.”

“ಯಾಕೆ?”

“ಅವಳ ನಗು ಬೇರೆಲ್ಲೂ ಇರ್ಲಿಲ್ಲ ಕಣಮ್ಮ.”

“ಊರೆಲ್ಲ ನನ್ನ ಆಡ್ಕೊಳ್ತಿದ್ದದ್ದು ನಿಮಗೆ ಕಾಣ್ತಿರ್ಲಿಲ್ವಾ ದೊರೆಯಣ್ಣ?”

“ಕಾಣ್ತಿತ್ತು. ದಿನಾ ಕಾಣ್ತಿತ್ತು. ತಪ್ಪಾಯ್ತಮ್ಮ,” ಎಂದೆ. ಐವತ್ತಾರು ವರ್ಷದ ಗಂಡಸು, ಅವಳ ಮನೆಯ ನಡುಮನೆಯಲ್ಲಿ ರವಿಕೆ ಬಟ್ಟೆಗಳ ನಡುವೆ ನಿಂತು ಅತ್ತೆ. ಅವಳು ಸುಮ್ಮನಿರು ಅನ್ನಲಿಲ್ಲ. ಬೈಯಲೂ ಇಲ್ಲ. ಅಳಲು ಬಿಟ್ಟು, ಒಳಗೆ ಹೋಗಿ ಕಾಫಿ ತಂದಳು. ಮೂರು ಲೋಟ ತಂದಿದ್ದಳು. ನನಗೊಂದು ಕೊಟ್ಟು, ಒಂದನ್ನು ಪಾರಿಯ ಕಾಗದದ ಪಕ್ಕದಲ್ಲಿಟ್ಟು ತಾನು ಒಂದು ಕುಡಿದಳು.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವಳು ಕಚೇರಿಗೆ ಬಂದು ರುಜು ಹಾಕಿದಳು. ಪಾರಿಯ ರುಜು ಅರ್ಜಿಯಲ್ಲಿ ಇದ್ದದ್ದರಿಂದ ನನ್ನ ರುಜು ಬೇಕೇ ಆಗಲಿಲ್ಲ; ಏಳು ವರ್ಷದಿಂದಲೂ ಬೇಕಾಗಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟೆ. ಬೆರಳು ಒತ್ತಲೊಲ್ಲದು.

“ಕೊನೇ ಸಲ ನೋಡ್ಕೊಳ್ಳಿ ಅಣ್ಣ. ಕಾನೂನಿನಲ್ಲಿ ಐತಲ್ಲ,” ಎಂದಳು ಅವಳು.

“ನಿನ್ನ ಮಾನದ ವಿಷಯ. ಅದಕ್ಕೆ ಕೊನೇ ನೋಟ ಇಲ್ಲ.”

“ನಾನು ಕೊಟ್ಟೆ ಅಂತ ಬರ್ಕೊಳ್ಳಿ. ನಾನು ನೋಡಲ್ಲ. ಗೋಡೆ ಕಡೆ ತಿರುಗ್ತೀನಿ. ನಂಗೂ ಅವಳ ನಗು ಕೇಳ್ಬೇಕು. ಎಂಟು ವರ್ಷದಿಂದ ಇದು ಶುರುವಾದ್ರೆ ಸಾಕು ಕಿವಿ ಮುಚ್ಕೊಂಡು ಓಡ್ತಿದ್ದೆ. ಅವಳ ನಗು ಕೇಳಿಸ್ಕೊಂಡೇ ಇಲ್ಲ.”

ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು. ನಾನು ವಿಡಿಯೊ ಹಾಕಿದೆ. ಏನು ಕೇಳಿಸಿತೋ ಈಗ ಹೇಳಲಾರೆ. ಅವಳ ಬೆನ್ನು ನೆನಪಿದೆ. ಜಡೆಯ ತುದಿಯ ಕಪ್ಪು ರಿಬ್ಬನ್ನು, ಮೆಲ್ಲಗೆ ಅಲುಗಾಡಲು ಶುರುವಾದ ಅವಳ ಭುಜಗಳು ನೆನಪಿವೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹಿಂದಿನಿಂದ ಗೊತ್ತಾಗಲಿಲ್ಲ. ಮುಗಿದ ಮೇಲೆ ಅವಳು ಗೋಡೆಯನ್ನು ನೋಡುತ್ತಲೇ, “ಹೂಂ, ಒತ್ತಿ ಅಣ್ಣ,” ಎಂದಳು. ಒತ್ತಿದೆ.

ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಒರೆಸಿದ ಮೇಲೆ ರಿಜಿಸ್ಟರಿನ ಸಾಲನ್ನು ಗಟ್ಟಿಯಾಗಿ ಓದಿ ಹೇಳುವುದು ಗುಮಾಸ್ತನ ಕರ್ತವ್ಯ. ಓದಿದೆ. ‘ಪಾರಿಜಾತ, ನಗು’ ಎಂದು ಎರಡು ಸಲ ಓದಿದೆ. ತಲೆಯೊಳಗೆ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ನನ್ನ ತಂಗಿ ಹೇಗೆ ನಗುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಚೂಡಾಮಣಿ ಅರ್ಜಿಯನ್ನು ಇನ್ನೊಮ್ಮೆ ಓದಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಕಡತದಲ್ಲಿರಬೇಕಾದ ಕಾಗದ ಅದು. ನಾನು ಕೇಳಲಿಲ್ಲ. ಕಿಟಕಿಯಾಚೆ ಬಿಸಿಗಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಯಾರೋ, “ಇವತ್ತು ನೀರು ಒಂಚೂರು ತಣ್ಣಗಾಯ್ತು ಕಣ್ರೇ,” ಎಂದದ್ದು ಕೇಳಿಸಿತು. ನಲವತ್ತೆಂಟು ಸೆಕೆಂಡಿಗೆ ನೀರು ತಣ್ಣಗಾಗುವುದೆಲ್ಲ ಸುಳ್ಳು. ಆದರೂ ಅವರು ಪ್ರತಿಸಲ ಹಾಗೆಯೇ ಹೇಳುತ್ತಾರೆ.

ಹನ್ನೆರಡನೆಯ ತಾರೀಖು ಮದುವೆ. ಕಲ್ಯಾಣ ಮಂಟಪ ತುಂಬಿತ್ತು. ಗಂಡಿನ ಕಡೆಯ ಹೆಂಗಸರು ಮುಂದಿನ ಸಾಲಿನಲ್ಲಿ ಕೂತು ಚೂಡಾಮಣಿಯನ್ನು ನೋಡುತ್ತಿದ್ದರು, ಹೊಸ ಬೀಗಿತಿಯನ್ನು ಯಾರು ಹೇಗೆ ನೋಡುತ್ತಾರೋ ಹಾಗೆ. ಯಾರ ಬಾಯಿಗೂ ಸೆರಗು ಅಡ್ಡ ಇರಲಿಲ್ಲ. ಚಿತ್ರಕಲಾ ಬಂದು ಹಸೆಯ ಮೇಲೆ ಕೂತು ಅಮ್ಮನ ಕಡೆ ತಲೆಯೆತ್ತಿದಳು. ಚೂಡಾಮಣಿ ಕಣ್ಣು ಮುಚ್ಚಿ ಮೊದಲನೆಯ ಸೊಲ್ಲು ಎತ್ತಿದಳು.

“ಹಸೆಯ ಹಾಸಿದೋರು ಯಾರು ಹೇಳೆ ಗೆಳತಿ…”

ಎಂಟು ವರ್ಷ ಮುಚ್ಚಿಟ್ಟ ಗಂಟಲು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಮಂಟಪದಲ್ಲಿ ಲೋಟ ಇಡುವ ಸದ್ದೂ ನಿಂತಿತು. ಅವಳು ಸೊಲ್ಲು ನಿಲ್ಲಿಸಿ ಕಾದಳು. ಉತ್ತರ ಬರಲಿಲ್ಲ. ಅದು ಪಾರಿಯ ಜಾಗ. ಹೆಂಗಸರೆಲ್ಲ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತ, ನೀನು ಹೇಳು, ನೀನು ಹೇಳು ಅನ್ನುತ್ತಿದ್ದರು. ಚೂಡಾಮಣಿ ಎರಡನೆಯ ಸಲ ಎತ್ತಿದಳು. ಈ ಸಲ ಧ್ವನಿ ಸ್ವಲ್ಪ ಇಳಿದಿತ್ತು. ಮತ್ತೆ ಕಾದಳು. ಮೂರನೆಯ ಸಲ ಎತ್ತುವ ಪದ್ಧತಿ ಇಲ್ಲ. ಮಗಳ ಮುಖ ಬಾಡುವುದನ್ನು ನಾನು ಹಿಂದೆ ತಾಂಬೂಲದ ತಟ್ಟೆಗಳ ಹತ್ತಿರ ನಿಂತು ನೋಡಿದೆ.

ಆ ಉತ್ತರ ನನಗೆ ಬರುತ್ತಿತ್ತು. ಪಾರಿ ಮನೆಯಲ್ಲಿ ಅಭ್ಯಾಸ ಮಾಡುವಾಗ ಅಡುಗೆಮನೆಯ ಗೋಡೆಯಾಚೆಯಿಂದ ಸಾವಿರ ಸಲ ಕೇಳಿದ್ದೆ. ಹಸೆ ಹಾಡನ್ನು ಗಂಡಸರು ಹೇಳುವುದಿಲ್ಲ. ನನಗೆ ರಾಗವೂ ಇಲ್ಲ, ತಾಳವೂ ಇಲ್ಲ. ಬಾಯಿ ತೆಗೆದೆ.

“ಹಾಸಿದೋಳು ನಾನೇ ಕಣೆ, ಕೂರು ಬಾರೆ ಗೆಳತಿ…”

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ಮಂಟಪವೆಲ್ಲ ನಕ್ಕಿತು. ಹಸೆಯ ಮೇಲಿದ್ದ ಮದುವಣಗಿತ್ತಿ ಬಾಸಿಂಗ ಹಿಡಿದುಕೊಂಡು ನಕ್ಕಳು. ಅವಮಾನದಿಂದ ಕಿವಿ ಸುಟ್ಟಿತು ನನಗೆ. ಚೂಡಾಮಣಿಗೆ ಎಂಟು ವರ್ಷ ಹೇಗೆ ಸುಟ್ಟಿರಬೇಕೆಂದು ಅಷ್ಟರಮಟ್ಟಿಗೆ ಗೊತ್ತಾಯಿತು. ಕಣ್ಣು ಬಿಟ್ಟು ಚೂಡಾಮಣಿ ನನ್ನನ್ನು ಹುಡುಕಿದಳು. ಅವಳೂ ನಕ್ಕಳು. ನಗುತ್ತಲೇ ಮುಂದಿನ ಸೊಲ್ಲು ಎತ್ತಿದಳು. ನಾನು ಉತ್ತರ ಹೇಳಿದೆ. ಹಾಗೆ ಹತ್ತೊಂಬತ್ತು ಸೊಲ್ಲು. ಆರೇಳು ಆಗುವಷ್ಟರಲ್ಲಿ ನಗು ನಿಂತಿತ್ತು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಹನ್ನೊಂದನೆಯದಕ್ಕೋ ಹನ್ನೆರಡನೆಯದಕ್ಕೋ ಇದ್ದಕ್ಕಿದ್ದಂತೆ ನನ್ನ ಕಣ್ಣ ಮುಂದೆ ಪಾರಿ ಬಂದಳು. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಳೆ, ಹಿತ್ತಾಳೆ ತಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಎರಡು ಬೆರಳಿನಿಂದ ತಾಳ ತಟ್ಟುತ್ತಿದ್ದಾಳೆ. ನಗುತ್ತಿಲ್ಲ. ತುಟಿ ಬಿಗಿ ಹಿಡಿದು, ಲೆಕ್ಕ ತಪ್ಪಬಾರದೆಂದು ಬಹಳ ಗಂಭೀರವಾಗಿ ತಟ್ಟುತ್ತಿದ್ದಾಳೆ. ಯಾವ ಫೋನಿನಲ್ಲೂ ಇಲ್ಲದ ಪಾರಿ. ಎಷ್ಟೋ ವರ್ಷದ ಮೇಲೆ ಅವಳನ್ನು ನೋಡಿದೆ.

ಮಾರನೆಯ ದಿನ ಚೂಡಾಮಣಿಯ ಬೀಗಿತಿ ಪುಟ್ಟಗೌರಮ್ಮ, ಗಂಡಿನ ತಾಯಿ, ಫೋನು ಹಿಡಿದುಕೊಂಡು ನನ್ನ ಕಚೇರಿಗೆ ಬಂದರು. ಜೊತೆಯಲ್ಲಿ ಚೂಡಾಮಣಿಯೂ ಇದ್ದಳು.

“ನೀವು ಹಾಡಿದ್ದನ್ನ ತೆಗೆದುಬಿಟ್ಟಿದ್ದೀನಿ ಸ್ವಾಮಿ. ಯಾರಿಗೂ ಕಳ್ಸಿಲ್ಲ. ಮೊದಲು ಕೇಳ್ಬೇಕು ಅಂತ ನಮ್ಮ ಬೀಗಿತಿ ಹೇಳಿದ್ರು,” ಎಂದು ಪುಟ್ಟಗೌರಮ್ಮ ತೋರಿಸಿದರು. “ಇರ್ಲಾ, ಒರೆಸಿಬಿಡ್ಲಾ?”

ನೋಡಿದೆ. ಮೊದಲ ಸೊಲ್ಲಿಗೆ ನನ್ನ ಧ್ವನಿ ಒಡೆದ ಮಡಕೆಯ ಹಾಗಿದೆ. ಎಲ್ಲರೂ ನಗುತ್ತಾರೆ. ಕೊನೆಯಲ್ಲಿ ಚೂಡಾಮಣಿ ನಗುತ್ತಾಳೆ.

“ನೀನೂ ಕಾಣ್ತೀಯಮ್ಮ. ನೀನೇನಂತೀಯ?” ಎಂದು ಚೂಡಾಮಣಿಯನ್ನು ಕೇಳಿದೆ.

“ನಂದೇನಿಲ್ಲ ಅಣ್ಣ. ನಿಮ್ಮ ಮಾನ, ನಿಮ್ಮಿಷ್ಟ,” ಎಂದಳು. ಕಣ್ಣಲ್ಲಿ ತುಂಟತನವಿತ್ತು.

“ಇರ್ಲಿ ಬಿಡಿ,” ಎಂದು ಪುಟ್ಟಗೌರಮ್ಮನವರಿಗೆ ಹೇಳಿದೆ. “ನನಗೆ ಮಾತ್ರ ಕಳಿಸಬೇಡಿ. ಒಂದು ಸಲ ನೋಡಿದೆನಲ್ಲ, ಸಾಕು.”

ಬೀಗಿತಿ ಹೋದ ಮೇಲೆ ಚೂಡಾಮಣಿ ಹಿಂದೆ ಉಳಿದಳು. ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಚೂಡಿ, ಪಾರಿ ಹೆಂಗೆ ನಗ್ತಿದ್ಲಮ್ಮ?”

ಅವಳು ಯೋಚಿಸಿದಳು. ಅವಳಿಗೂ ಒಂದು ನಗು ಒರೆಸಿಹೋಗಿತ್ತು, ಆದರೆ ಅವಳ ಹತ್ತಿರ ಒಂದೇ ಬೆಂಚಿನ, ಒಂದೇ ಬಾಚಣಿಗೆಯ ಎಷ್ಟೋ ವರ್ಷಗಳಿದ್ದವು. “ನಗು ಬಂದ್ರೆ ಮೊದಲು ಮೂಗು ಮುಚ್ಕೊಳ್ತಿದ್ಲು ಅಣ್ಣ. ಹಿಂಗೆ, ಎರಡು ಕೈಯಲ್ಲೂ. ಆಮೇಲೆ ಭುಜ ಕುಣಿಯೋದು. ಸದ್ದು ಎಲ್ಲಕ್ಕಿಂತ ಕೊನೆಗೆ ಬರೋದು. ಅಷ್ಟರಲ್ಲಿ ನಾನೇ ನಗೋಕೆ ಶುರು ಮಾಡಿರ್ತಿದ್ದೆ,” ಎಂದು ತನ್ನ ಎರಡು ಕೈಗಳನ್ನೂ ಮೂಗಿನ ಮೇಲಿಟ್ಟು ತೋರಿಸಿದಳು.

ಆ ಎರಡು ಕೈಗಳ ಹಿಂದೆ ನನಗೆ ಪಾರಿಯ ಕೈಗಳು ಕಂಡವು. ಎಡಗೈ ಉಂಗುರದ ಬೆರಳಿನ ಸುಟ್ಟ ಕಲೆ ಕೂಡ. ಈಗ ಮಧ್ಯಾಹ್ನ ಬುತ್ತಿಯನ್ನು ಪೂರ್ತಿ ಉಣ್ಣುತ್ತೇನೆ. ಉಂಡ ಮೇಲೆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಕೈಗಳು ಬಂದಿವೆ. ಮೊನ್ನೆ ಭುಜಗಳೂ ಬಂದವು. ಸದ್ದು ಕೊನೆಗೆ ಬರುತ್ತದೆ ಅಂತ ಚೂಡಿ ಹೇಳಿದ್ದಾಳೆ, ಕಾಯುತ್ತಿದ್ದೇನೆ.